ಧರೆಪ್ಪ ಗೌಂಡಿ ಎತ್ತಿಟ್ಟ ಕಲ್ಲು

ಮಡ್ಡಿ ಕೆನಾಲದಾಗ ನೀರು ಬಿಟ್ಟಾಗೆಲ್ಲ ನನಗ ಸಿಟ್ಟು ಬರ್ತೈತಿ. ಎಲ್ಲಾರಿಗೂ ಖುಷಿ, ನನಗ ಸಿಟ್ಟು. ಹೆಣ್ಣಮಕ್ಕಳು ದಂಡಿಗಿ ಕುಂತು ಅರಬಿ ಒಗಿತಾರ, ಕಬ್ಬಿನವರು ಮೋಟರ ಇಳಿಸ್ತಾರ, ಹೊರಗಿಂದ ಬಂದವರು ನಿಂತು ಫೋನಿನ್ಯಾಗ ಫೋಟೋ ಹೊಡಕೊಂತ, "ಏನ್ ಛಲೋ ಕಟ್ಟ್ಯಾರ, ಎಲ್ಲಾ ಕಂಪ್ಯೂಟರ್ ಮ್ಯಾಲ ಆಗಿದ್ದಂತ" ಅಂತಾರ. ಹೌದ್ರಿ, ಕಂಪ್ಯೂಟರ್ ಕಟ್ಟೇತಿ. ಕಂಪ್ಯೂಟರ್ ಬಂದು ತಲಿ ಮ್ಯಾಲ ಸಿಂಬಿ ಇಟ್ಟು ಖಡಿ ಬುಟ್ಟಿ ಹೊತ್ತೈತಿ. ಅದರ ಕುತಿಗಿ ನೋವು ಇನ್ನೂ ಹೋಗಿಲ್ಲ ನೋಡ್ರಿ, ಪಾಪ.

ನಾನು ತಾರವ್ವ. ಧರೆಪ್ಪ ಗೌಂಡಿ ನಮ್ಮಣ್ಣ. ಗಂಡನ ಮನ್ಯಾಗ ಎರಡು ವರ್ಷ ಬಾಳೇವು ಮಾಡಿ, ಅವನ ಕುಡಿತಕ್ಕ ಬ್ಯಾಸತ್ತು ತವರಿಗಿ ಬಂದಾಕಿ, ಇಪ್ಪತ್ತೆರಡು ವರ್ಷ ಅಣ್ಣನ ಕೈಯಾಗ ಕೆಲಸ ಮಾಡೇನಿ. ಅಂವ ಕಟ್ಟಿದ ಗ್ವಾಡಿಯೊಳಗ ನಾ ಕಲಸಿ ಕೊಡದ ಸಿಮೆಂಟು ಒಂದು ಥಾಪಿನೂ ಇಲ್ಲ. ಹಿಂಗಾಗಿ ಅವನ ಕತಿ ಹೇಳಾಕ ನನಗಿಂತ ಹೆಚ್ಚು ಹಕ್ಕಿರಾವ್ರು ಯಾರೂ ಇಲ್ಲ. ಅಂವ ಅಂತೂ ಹೇಳಾಂವಲ್ಲ. ಅವನ ಬಾಯಾಗಿಂದ ಮಾತು ತಗಿಯೂದಕ್ಕಿಂತ ಗ್ವಾಡಿಯಾಗಿನ ಇಟ್ಟಂಗಿ ತಗಿಯೂದು ಸಸಾರ.

ನಮ್ಮೂರು ಬೀರಮಡ್ಡಿ. ತುಬಚಿಯಿಂದ ಹೊಳಿ ಬೆನ್ನಿಗಿ ಬಿಟ್ಟು ಮ್ಯಾಲಕ್ಕ ಬಂದ್ರ ಕಲ್ಲುಮಡ್ಡಿ ಮ್ಯಾಲ ಅರವತ್ತು ಮನಿ. ನಮ್ಮದು ಕುರಿ ಸಾಕಿದ ಮನೆತನ. ಅಪ್ಪ, ಮುತ್ಯಾ ಎಲ್ಲಾರೂ ಹಿಂಡಿನ ಹಿಂದ ನಡದು ನಡದು ಸತ್ತವರು. ಅಣ್ಣ ಒಬ್ಬಾವ ಆ ಹಾದಿ ಬಿಟ್ಟ, ಯಾಕಂದ್ರ ಅವಗ ಸೊಟ್ಟ ಇದ್ದದ್ದು ಕಣ್ಣಿಗಿ ಸೇರತಿರಲಿಲ್ಲ. ಸಣ್ಣಾಂವಿದ್ದಾಗ ಹಟ್ಟಿಯ ಕಲ್ಲಗ್ವಾಡಿಯೊಳಗ ಒಂದು ಕಲ್ಲು ಡೊಂಕ ಕಂಡ್ರ ಉಣ್ಣಾಕ ಕುಂತಾವ ಎದ್ದು ಹೋಗಿ ತಿರುಗಿಸಿ ಇಟ್ಟು ಬರ್ತಿದ್ದ. ರೊಟ್ಟಿ ಆರಿ ಹೋಗತಿತ್ತು, ನಮ್ಮವ್ವ ಬೈತಿದ್ಲು. ಹದಿನಾರಕ್ಕ ಮುಧೋಳಕ್ಕ ಹೋಗಿ ಪರಸಪ್ಪ ಅನ್ನೂ ಮುದುಕ ಗೌಂಡಿ ಕಡೆ ಸೇರಿದ. ಪರಸಪ್ಪ ಬೈಗುಳದಾಗ ಕಲಿಸಾಂವ. ಪಾಯಾ, ಗ್ವಾಡಿ, ಗಿಲಾವ, ಎಲ್ಲಾದಕ್ಕೂ ಬ್ಯಾರೆ ಬ್ಯಾರೆ ಬೈಗುಳ ಇದ್ದುವಂತ. ನೀರಿನ ಪೈಪು ಹಿಡಿಯೂದು ಕಲಿಸುವಾಗ ಅಷ್ಟ ಬೈತಿರಲಿಲ್ಲಂತ, ಆಗ ದೇವರ ಮುಂದ ನಿಂತಂಗ ಸುಮ್ಮನಿರತಿದ್ದ.

ನೀರಿನ ಪೈಪು ಗೊತ್ತಿಲ್ಲದವರಿಗಿ ಹೇಳ್ತೇನಿ. ಬೆರಳು ದಪ್ಪದ ಬಿಳಿ ಪ್ಲಾಸ್ಟಿಕ್ ಪೈಪು, ನಲವತ್ತು ಫೂಟು ಉದ್ದ. ಒಳಗ ನೀರು ತುಂಬಿ ಈ ತುದಿ ಅಣ್ಣ ಹಿಡಿತಿದ್ದ, ಆ ತುದಿ ನಾ ಹಿಡಿತಿದ್ದೆ. ಎರಡೂ ಕಡೆ ನೀರು ಎಲ್ಲಿ ನಿಂತತೋ ಅದು ಒಂದೇ ಮಟ್ಟ. ನಡುವ ಗ್ವಾಡಿ ಇರಲಿ, ಗುಂಡಿ ಇರಲಿ, ಹರಕತ್ತಿಲ್ಲ. ಒಳಗ ಗಾಳಿಗುಳ್ಳಿ ಇರಬಾರದು ಅಷ್ಟ. ನಾ ಗುಳ್ಳಿ ಬಿಟ್ಟು ಪೈಪು ಹಿಡದಾಗ ಅಣ್ಣ ಬೈತಿರಲಿಲ್ಲ, ನೀರು ಚೆಲ್ಲಿ ಮತ್ತ ಮೊದಲಿಂದ ತುಂಬತಿದ್ದ. ಬೈದಿದ್ರ ಛಲೋ ಇತ್ತು.

ತೊಂಬತ್ತೇಳರ ಹೊತ್ತಿಗಿ ಡ್ಯಾಮಿನ ಹಿನ್ನೀರು ಏರೂ ಸುದ್ದಿ ಬಂದು, ಬೀಳಗಿ ಕಡೆ ಮುಳುಗೂ ಊರವರಿಗಿ ಹೊಸ ಮನಿ ಕಟ್ಟೂ ಕೆಲಸ ಜೋರಾತು. ಅನಗವಾಡಿ ಸುತ್ತ ನಾವು ಮೂರು ವರ್ಷ ಕಟ್ಟಿದ್ವಿ. ಆಮ್ಯಾಲ ರಬಕವಿ-ಬನಹಟ್ಟಿಯಾಗ ಮಗ್ಗದ ಶೆಡ್ಡು. ಅಲ್ಲಿ ನೇಕಾರರು ಬಾಳ ಚೊಕ್ಕ ಮಂದಿ. ಪಾವರ್‌ಲೂಮು ಕುಂದರೂ ನೆಲ ಒಂದೀಟು ಏರುಪೇರಾದ್ರೂ ಮಗ್ಗ ಕುಣಿತೈತಿ, ನೂಲು ಹರಿತೈತಿ. "ಧರೆಪ್ಪ ಹಾಕಿದ ನೆಲಾ ಬೇಕು" ಅಂತ ಅವರು ಎರಡು ತಿಂಗಳು ಕಾಯತಿದ್ರು. ಗ್ವಾಡಿ ಮ್ಯಾಲ ಮಾಲಕನ ಹೆಸರು ಬರೀತಾರ, ಗೌಂಡಿದು ಯಾರ ಬರೀತಾರ್ರಿ. ನಮ್ಮಣ್ಣಗ ಇದ್ದ ಆಸ್ತಿ ಅಂದ್ರ ಮಂದಿ ಬಾಯಾಗಿನ ಆ ಒಂದು ಮಾತು. ಅದಕ್ಕ ಕೈ ಹಾಕಿದ್ರು, ಅದಕ್ಕ ನನ್ನ ಸಿಟ್ಟು.

ಈಗ ಕಲ್ಲಿನ ವಿಷಯ ಹೇಳ್ತೇನಿ. ನಮ್ಮೂರ ಬೀರಪ್ಪನ ಗುಡಿ ತಗ್ಗಿನ್ಯಾಗಿತ್ತು. ಮಳಿ ಹೊಡದ್ರ ಮಡ್ಡಿ ನೀರೆಲ್ಲ ಒಳಗ ಹೋಗಿ ದೇವರ ಮುಂದ ಕೆಸರ ನಿಂದರತಿತ್ತು. ತೊಂಬತ್ತೆಂಟರಾಗ ಊರ ಹಿರ್ಯಾರು ಕೂಡಿ ಗುಡಿ ಎತ್ತರಿಸೂದಂತ ಮಾಡಿದ್ರು. ಹೊಸ್ತಿಲ ಎಡಕ್ಕ ಒಂದು ಕರಿಕಲ್ಲಿತ್ತು. ಅದರ ಮ್ಯಾಲ ಒಂದು ಅಡ್ಡಗೀಟು, ಗೀಟಿಗಿ ಮೊನಿ ತಾಗಿಸಿದ ಬಾಣದ ಗುರುತು, ಬಗಲಾಗ ಸವದ ಅಕ್ಷರ, ಕೆಳಗಿನ ಒಂದು ಮೂಲಿ ಮುರದಿತ್ತು. ಅದು ಬೀರಪ್ಪ ಊರಿದ ಬಾಣ ಅಂತ ನಮ್ಮ ಮಂದಿ ನಂಬಿಕಿ. ಹೊಸದಾಗಿ ಮದವಿ ಆದವರು, ಕೂಸು ಹುಟ್ಟಿದವರು ಮೊದಲ ಆ ಬಾಣಕ್ಕ ಅರಿಷಿಣದ ಭಂಡಾರ ಹಚ್ಚಿ ಆಮ್ಯಾಲ ಒಳಗ ಹೋಗ್ತಿದ್ರು. ಇಂಥಾ ಕಲ್ಲು ಮಣ್ಣಾಗ ಮುಚ್ಚಾಕ ಯಾರ ಒಪ್ಪತಾರ? "ಮೊದಲ ಬಾಣ ಏರಬೇಕು, ಆಮ್ಯಾಲ ಗುಡಿ" ಅಂದ ಪೂಜಾರಿ ಬಸಗೊಂಡಪ್ಪ. ಅಣ್ಣ ಮೂರು ದಿನ ಒಂದೊತ್ತು ಇದ್ದು, ಡೊಳ್ಳಿನ ಸಪ್ಪಳದಾಗ ಆ ಕಲ್ಲು ಎಬ್ಬಿಸಿ, ಹೊಸಾ ಕಟ್ಟಿ ಮ್ಯಾಲ, ಅದೇ ಹೊಸ್ತಿಲ ಎಡಕ್ಕ, ಅದೇ ದಿಕ್ಕಿಗಿ ಮಾರಿ ಮಾಡಿ ಕುಂದರಿಸಿದ. ಪೈಪಿನ ಆ ತುದಿ ಹಿಡದಾಕಿ ನಾನು. ಎರಡೂವರಿ ಫೂಟು ಏರಿಸಿದ್ವಿ. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮಿ ಇಲ್ಲ.

ಹದಿಮೂರು ವರ್ಷ ಆ ಕಲ್ಲು ಯಾರಿಗೂ ಏನೂ ಮಾಡಲಿಲ್ಲ. ಎರಡು ಸಾವಿರದ ಹನ್ನೊಂದರಾಗ ಹೊಳಿಯಿಂದ ನೀರೆತ್ತಿ ಮಡ್ಡಿಗಿ ಹರಿಸೂ ಕೆಲಸ ನಮ್ಮೂರ ಹತ್ತರ ಬಂತು. ಮ್ಯಾಲಿನ ಭಾಗ ಒಂದು ಕಂಪನಿಗಿ, ನಮ್ಮೂರಿಂದ ಕೆಳಗಿನ ನಾಲ್ಕು ಕಿಲೋಮೀಟರ ಇನ್ನೊಂದು ಕಂಪನಿಗಿ. ಕಂಪನಿ ಹೆಸರು ನನ್ನ ಬಾಯಿಂದ ತಗಿಯೂದು ಬ್ಯಾಡ. ನಾಲ್ಕು ಕಿಲೋಮೀಟರದ ಕಲ್ಲುಕೆಲಸ, ತೂಬು, ಸಣ್ಣ ಸೇತುವಿ, ಎಲ್ಲಾ ನಮ್ಮಣ್ಣನ ತಂಡಕ್ಕ ಕೊಟ್ರು. ಅಷ್ಟು ದೊಡ್ಡ ಕೆಲಸ ಅವಗ ಎಂದೂ ಸಿಕ್ಕಿರಲಿಲ್ಲ. ನಮ್ಮೂರ ಹೊಲಕ್ಕ ನೀರು ತರೂ ಕೆಲಸ, ಅದೂ ತನ್ನ ಕೈಲೇ. ಅಂವ ಹೊಸಾ ಧೋತರ ಉಟಗೊಂಡು ಹೋಗಿದ್ದ ಮೊದಲನೇ ದಿನ, ಮಣ್ಣು ಹೊರಾಕ.

ಇಂಜಿನಿಯರು ಪ್ರೇಮಕುಮಾರ, ಜಮಖಂಡಿಯವ. ಅವರಪ್ಪ ಕಚೇರಿಯೊಳಗ ನೌಕರಿ ಮಾಡಾವ್ರು. ಹುಡುಗ ಕೆಟ್ಟಾವಲ್ಲ, ಅಣ್ಣಗ "ಕಾಕಾ, ಕಾಕಾ" ಅಂತಿದ್ದ. ಅವನ ಜೋಡಿ ಬಂದ ಸಾಮಾನು ನೋಡಿ ಊರೇ ನಿಂತಿತ್ತು. ಮೂರು ಕಾಲಿನ ಮಷಿನ್ನು, ಅದರಾಗ ಕಣ್ಣಿಟ್ಟು ಅರ್ಧ ಕಿಲೋಮೀಟರ ದೂರದ ಕೋಲು ನೋಡಿದ್ರ ದೂರ, ಎತ್ತರ ಎಲ್ಲಾ ಅಂಕಿಯಾಗಿ ಬೀಳತಿತ್ತು. ನಾವು ಪೈಪಿನ್ಯಾಗ ಎರಡು ದಿನ ಮಾಡೂ ಮಟ್ಟ ಅದು ಊಟದ ಹೊತ್ತಿಗಿ ಮುಗಿಸ್ತಿತ್ತು. ಹಾಜರಿ ಬರಿಯಾಕೂ ಒಂದು ಡಬ್ಬಿ, ಹೆಬ್ಬಟ್ಟು ಇಟ್ರ ಹಾಜರಿ. ನನ್ನ ಹೆಬ್ಬಟ್ಟು ಅದು ತಗೋತಿರಲಿಲ್ಲ. ಇಪ್ಪತ್ತು ವರ್ಷ ಸಿಮೆಂಟು ಕಲಸಿ ಬೆರಳಾಗಿನ ಗೆರಿ ಎಲ್ಲಾ ಸುಟ್ಟು ನುಣ್ಣಗಾಗ್ಯಾವ. ಎದುರಿಗಿ ನಿಂತೇನಿ, ಬುಟ್ಟಿ ತಲಿ ಮ್ಯಾಲೈತಿ, ಡಬ್ಬಿ ಅಂತೈತಿ ತಾರವ್ವ ಬಂದಿಲ್ಲ. ದಿನಾ ಮುಂಜಾನೆ ನಾ ಆ ಡಬ್ಬಿ ಜೋಡಿ ಜಗಳಾಡ್ತಿದ್ದೆ. ಕೆಲಸ ಮಾಡದವರ ಬೆರಳು ಅದಕ್ಕ ಲಗೂನ ಗುರುತು ಸಿಗತಿತ್ತು.

ಆದ್ರ ಅಣ್ಣ ಮಷಿನ್ ವೈರಿ ಅಲ್ಲ. ಇದನ್ನ ಒತ್ತಿ ಹೇಳ್ತೇನಿ, ಯಾಕಂದ್ರ ಆಮ್ಯಾಲ ಮಂದಿ "ಹಳೇ ಗೌಂಡಿ, ಮಷಿನ್ ಕಂಡ್ರ ಆಗತಿರಲಿಲ್ಲ" ಅಂದ್ರು. ಸುಳ್ಳ. ಅಂವ ಮಷಿನ್ ಒಳಗ ಕಣ್ಣಿಟ್ಟು ನೋಡಿ, "ತಾರವ್ವಾ, ಪರಸಪ್ಪ ಇದನ್ನ ನೋಡಬೇಕಿತ್ತು ಬೇ" ಅಂದಾಂವ. ಪ್ರೇಮಕುಮಾರನ ಕಡಿಂದ ಮೀಟರದ ಲೆಕ್ಕ ಕಲಿತ. ಅಂಕಿ ಹೆಂಗ ಓದೂದು ಕಲಿತ. ಐವತ್ತರ ವಯಸ್ಸಿನ್ಯಾಗ ಸಾಲಿ ಹುಡುಗನಂಗ ಆಗಿದ್ದ.

ಮೊದಲನೇ ದಿನ ಮಷಿನ್ ನಿಲ್ಲಿಸಿದ್ದು ಎಲ್ಲಿ ಗೊತ್ತೇನ್ರಿ? ಬೀರಪ್ಪನ ಗುಡಿ ಮುಂದ. ಪ್ರೇಮಕುಮಾರ ತಾನಾಗೇ ಅಣ್ಣಗ ತಿಳಿಸಿ ಹೇಳಾಕತ್ತಿದ್ದ, "ಕಾಕಾ, ಈ ಬಾಣದ ಗುರುತು ಐತಲ್ಲ, ಇದು ಸರ್ವೇ ಕಲ್ಲು. ಸಮುದ್ರದ ನೀರಿನ ಮಟ್ಟದಿಂದ ಈ ಗೀಟು ಎಷ್ಟು ಎತ್ತರ ಐತಿ ಅಂತ ಬ್ರಿಟಿಷರ ಕಾಲದಾಗ ಅಳದು ಬರದಾರ. ಆ ಅಂಕಿ ಈ ಪಟ್ಟಿಯೊಳಗ ಐತಿ. ಈ ಕಲ್ಲಿಂದ ಹಿಡದ್ರ ಇಡೀ ಕೆನಾಲದ ಮಟ್ಟ ನಿಂತಲ್ಲೇ ಸಿಗತೈತಿ."

ಅಣ್ಣ ಚಾ ಕುಡಿಯೂದು ಬಿಟ್ಟು ಬಸಿ ಕೆಳಗಿಟ್ಟ. "ಸಾಹೇಬ್ರ, ಆ ಕಲ್ಲು ಅಲ್ಲಿದ್ದದ್ದಲ್ಲ."

"ಅಂದ್ರ?"

"ತೊಂಬತ್ತೆಂಟರಾಗ ಗುಡಿ ಎತ್ತರಿಸಿದಾಗ ಅದನ್ನೂ ಎತ್ತೇವಿ. ನಾನೇ ಎತ್ತಿಟ್ಟೇನಿ. ಎರಡೂವರಿ ಫೂಟು."

ಪ್ರೇಮಕುಮಾರ ಲ್ಯಾಪ್‌ಟಾಪಿನ ಪರದೆ ಅಣ್ಣನ ಕಡೆ ತಿರುಗಿಸಿದ. "ಪಟ್ಟಿಯೊಳಗ ಏನ್ ಬರದಾರ ಕೇಳ್ರಿ ಕಾಕಾ. ಬೀರಪ್ಪನ ಗುಡಿ, ಹೊಸ್ತಿಲ ಎಡಕ್ಕ, ಕರಿಕಲ್ಲು, ಬಾಣದ ಗುರುತು. ಗುಡಿ ಐತಿ, ಹೊಸ್ತಿಲ ಐತಿ, ಎಡಕ್ಕ ಐತಿ, ಬಾಣ ಐತಿ. ಮತ್ತೇನ್ ಬೇಕು?"

"ಎಲ್ಲಾ ಐತ್ರಿ. ಎತ್ತರ ಅಷ್ಟ ಹಳೇದಲ್ಲ."

"ಎತ್ತಿದ್ದು ಎಲ್ಲೆರ ಬರದಿಟ್ಟೀರೇನು?"

"ಯಾರ ಬರೀತಾರ್ರಿ? ಡೊಳ್ಳು ಬಾರಿಸಿದ್ವಿ."

ಮಷಿನ್ ಹೊತ್ತು ಬಂದಿದ್ದ ಇಬ್ಬರು ಆಳು ನಕ್ಕರು. ಪ್ರೇಮಕುಮಾರನೂ ನಕ್ಕ. ಇನ್ನೊಂದು ಗುರುತಿನ ಕಲ್ಲು ಹಿಡಿದು ಎರಡೂ ತಾಳಿ ಆಗತಾವೇನು ಅಂತ ನೋಡಬೇಕಿತ್ತಂತ. ಆ ನೇಮ ಅವರ ಪುಸ್ತಕದಾಗೇ ಐತಂತ, ಆಮ್ಯಾಲ ತಪಾಸಣಿಗಿ ಬಂದ ಇಲಾಖೆಯ ದೊಡ್ಡ ಸಾಹೇಬ್ರು ಅಂದ್ರು. ಆ ಇನ್ನೊಂದು ಕಲ್ಲು ಹನ್ನೆರಡು ಕಿಲೋಮೀಟರ ದೂರ. ಏಪ್ರಿಲ್ ಬಿಸಲಾಗ ಯಾರು ಹೋಗಬೇಕು? ಪಟ್ಟಿಯೊಳಗ ಐತಿ, ಮುಗೀತು. ಗುಡಿ ಕಲ್ಲಿಂದ ಅಳದು ನಾಲ್ಕು ಕಿಲೋಮೀಟರ ಗೂಟಾ ಹೊಡದ್ರು. ಗೂಟದ ಮ್ಯಾಲ ಕೆಂಪು ಬಣ್ಣದಾಗ ಅಂಕಿ, ಆ ಅಂಕಿ ಪ್ರಕಾರ ಕಟ್ಟಬೇಕು.

ಅಣ್ಣ ಎರಡು ದಿನ ಕೆಲಸಕ್ಕ ಕೈ ಹಚ್ಚಲಿಲ್ಲ. ಮತ್ತ ಹೋಗಿ ಹೇಳಿದ, ಮತ್ತ ನಕ್ಕರು. ಮೂರನೇ ದಿನ ಮುಂಜಾನೆ ನಾನೇ ಅಂದೆ, "ಏ ಅಣ್ಣಾ, ಓದಿದವರು ಅದಾರ, ಮಷಿನ್ ಐತಿ. ನಿನ್ನ ಎರಡೂವರಿ ಫೂಟು ಅವರಿಗಿ ತಿಳಿಯದಿದ್ರ ಬಿಡು. ಇಪ್ಪತ್ತು ಮಂದಿ ನಿನ್ನ ಮಾರಿ ನೋಡ್ಕೊಂತ ಕುಂತಾರ. ಸುಮ್ಮನ ಕಟ್ಟು." ಈ ಬಾಯಿಲೇ ಅಂದೆ. ಮಂದಿಗಿ ಬೈಯೂ ಮೊದಲ ನನಗ ನಾ ಬೈಕೋಬೇಕು, ಬೈಕೊಂಡೇನಿ. ಅಂವ ನನ್ನ ಮಾತು ಕೇಳಿ ಎದ್ದು ಹೋದ.

ಎಂಟು ತಿಂಗಳು ಕಟ್ಟಿದ್ವಿ. ಹೆಂಗ ಕಟ್ಟಿದ ಅಂತೀರಿ. ಗೂಟದ ಅಂಕಿ ತಪ್ಪಿರಬಹುದು, ಕೆಲಸ ತಪ್ಪಾಗಬಾರದು ಅಂತ ಹಠ ಅವಂದು. ಮಷಿನ್ ಇಟ್ಟು ನೋಡಿ ಪ್ರೇಮಕುಮಾರ ಅಂತಿದ್ದ, "ಕಾಕಾ, ನಿಮ್ಮ ಕೆಲಸದಾಗ ಒಂದು ಮಿಲಿಮೀಟರ ಫರಕಿಲ್ಲ." ಅಣ್ಣ ಮುಂದಿನ ಕಲ್ಲು ತಗೋತಿದ್ದ.

ಬ್ಯಾರೆ ಗುರುತಿನ ಕಲ್ಲಿಂದ ಅಳದು ಕಟ್ಟಿದ ಮ್ಯಾಲಿನ ಕಂಪನಿ ಕೆನಾಲ ಬೆಳಕೊಂತ ನಮ್ಮ ಕಡೆ ಬಂತು. ಕೂಡೂದು ನೂರು ಫೂಟು ಉಳದಿತ್ತು. ಅಣ್ಣ ಪೈಪು ತಗದು, "ಬಾ ತಾರವ್ವಾ" ಅಂದ. ನಾ ನಮ್ಮ ಕೆನಾಲದ ತಳದಾಗ ನಿಂತೆ, ಅಂವ ಆ ಕಡೆ ಹೋದ. ಪೈಪು ಮುಟ್ಟದಲ್ಲಿ ಗೂಟಾ ಹೊಡದು ಮುಂದ ಮುಂದ ಸರಕೊಂತ ಮಟ್ಟ ನೋಡಿದ್ವಿ. ಅವರ ತಳ ನಮ್ಮ ತಳಕ್ಕಿಂತ ಕೆಳಗ. ಎಷ್ಟು ಕೆಳಗಂದ್ರ, ಅಣ್ಣ ತನ್ನ ತೊಡಿ ಮ್ಯಾಲ ಕೈ ಇಟ್ಟು ತೋರಿಸಿದ. ನೀರು ಹೊಳಿಯಿಂದ ಅಷ್ಟು ದೂರ ಏರಿ ಬಂದು, ನಮ್ಮೂರ ಬಾಯಿಗಿ ಬಂದು, ಎರಡೂವರಿ ಫೂಟು ಪಾವಟಿಗಿ ಹತ್ತಬೇಕು. ನೀರಿಗೇನ್ ಕಾಲು ಅದಾವೇನ್ರಿ?

ಮರುದಿನ ಕಂಪನಿಯ ದೊಡ್ಡವರು ಜೀಪಿನ್ಯಾಗ ಬಂದ್ರು. ಟೇಬಲ್ ಹಾಕಿ ಕುಂತ್ರು, ಅಣ್ಣಗ ನಿಲ್ಲಿಸಿದ್ರು. ಪ್ರೇಮಕುಮಾರ ಲ್ಯಾಪ್‌ಟಾಪ್ ತಗದು ಗೂಟದ ಪಟ್ಟಿ ತೋರಿಸಿದ. ಅವತ್ತು ಅಂವ ಅಣ್ಣನ ಮಾರಿ ನೋಡಲಿಲ್ಲ, ಕಾಕಾ ಅನ್ನಲಿಲ್ಲ. ಪಟ್ಟಿಯೊಳಗ ಒಂದೊಂದು ಗೂಟಾನೂ ಎರಡೂವರಿ ಫೂಟು ಕೆಳಗ ಇಳದಿತ್ತು. ಅಂದ್ರ, ಸಾಹೇಬ್ರು ಗೂಟ ಸರಿ ಹೊಡದಿದ್ರು, ಗೌಂಡಿ ಅಂಕಿ ಓದಾಕ ಬರದೆ ಎತ್ತರ ಕಟ್ಟ್ಯಾನ. "ಮೂವತ್ತೊಂದನೇ ಗೂಟದ ಅಂಕಿ ನನಗ ಬಾಯಿಪಾಠ ಐತ್ರಿ, ಇದು ಅದಲ್ಲ" ಅಂದ ಅಣ್ಣ. ಗೂಟ ಎಲ್ಲಿದಾವ? ಮಣ್ಣು ತೋಡೂ ಮಷಿನ್ ಹೊಡತಕ್ಕ ಎಂದೋ ಮುರದು ಹೋಗಿ ಚಾ ಕಾಸೂ ಒಲಿ ಸೇರಿದ್ವು. ನಾನೇ ಹಚ್ಚೇನಿ ಅವನ್ನ ಒಲಿಗಿ.

ಹಿಂದ ಮೇಸ್ತ್ರಿ ವಹಿಯೊಳಗ ಒಂದು ಅಂಕಿ ತಿದ್ದಿದ್ರ ಗೀಚಿದ್ದು ಕಾಣತಿತ್ತು. ಶಾಯಿ ಬ್ಯಾರೆ ಇರತಿತ್ತು, ಹಾಳಿ ಹರದಿರತಿತ್ತು, ಕಳ್ಳತನಕ್ಕ ಒಂದು ಗುರುತರೆ ಇರತಿತ್ತು. ಈ ಪೆಟ್ಟಿಗಿಯೊಳಗ ನೂರಾ ಅರವತ್ತು ಗೂಟದ ಅಂಕಿ ಒಂದು ಬೆರಳಿಲೇ ಇಳಸಬಹುದು. ಇಳಿಸಿದ ಮ್ಯಾಲ ಹುಟ್ಟಿದಾಗಿಂದ ಹಂಗೇ ಇದ್ದಂಗ ಕಾಣತಾವ. ಅವತ್ತು ನಾ ಎದ್ದು ನಿಂತು ಬೈದೆ. ಏನ್ ಬೈದೆ ಅಂತ ಇಲ್ಲಿ ಹೇಳಂಗಿಲ್ಲ, ಪರಸಪ್ಪ ಇದ್ದಿದ್ರ ಮೆಚ್ಚತಿದ್ದ. ನನ್ನ ಎಳಕೊಂಡು ಹೊರಗ ಹಾಕಿದ್ರು.

ತಂಡಾ ಬಿಡಿಸಿದ್ರು. ಅಷ್ಟಕ್ಕ ನಿಂತಿದ್ರ ನಡೀತಿತ್ತು. ಅಣ್ಣನ ಫೋಟೋ ಹಾಕಿ ಒಂದು ಮೆಸೇಜು ಮಾಡಿ, ಅವರು ಇವರಿಗಿ, ಇವರು ಅವರಿಗಿ ಕಳಿಸಿದ್ರು. "ಈ ಗೌಂಡಿಗಿ ಮಟ್ಟ ತಿಳಿಯೂದಿಲ್ಲ, ಕೆಲಸ ಕೊಡುವಾಗ ಹುಷಾರು." ಜಮಖಂಡಿ, ಮುಧೋಳ, ಬನಹಟ್ಟಿ, ಯಾವ ಗುತ್ತಿಗಿದಾರನ ಫೋನಿನ್ಯಾಗ ನೋಡಿದ್ರೂ ನಮ್ಮಣ್ಣನ ಮಾರಿ. ಮೂವತ್ತೈದು ವರ್ಷ ಮಂದಿ ಬಾಯಾಗ ಬೆಳಸಿದ ಹೆಸರು ಒಂದು ಮುಂಜಾನಿಯೊಳಗ ಮಣ್ಣಾತು. ಬನಹಟ್ಟಿಯ ಒಬ್ಬ ನೇಕಾರ, ಇವನ ನೆಲದ ಮ್ಯಾಲ ಹನ್ನೆರಡು ವರ್ಷ ಮಗ್ಗ ಓಡಿಸಿದಾವ, ನೆಲಾ ಅಳಿಸಿ ನೋಡಾಕ ಬ್ಯಾರೆ ಗೌಂಡಿಗಿ ಕರಿಸಿದನಂತ. ಅದು ಕೇಳಿದಾಗ ಅಣ್ಣ ಊಟದ ಗಂಗಾಳ ದೂಡಿ ಎದ್ದ.

ಅವಗ ಉಳದ ಸಾಕ್ಷಿ ಒಂದೇ. ಗುಡಿಯ ಕಟ್ಟಿ ಒಡದ್ರ ಒಳಗ ಆ ಕಲ್ಲು ಮೊದಲ ಕುಂತಿದ್ದ ಜಾಗ ಐತಿ. ಹಳೇ ಹೊಸ್ತಿಲಾ ಅಲ್ಲೇ ಐತಿ. ಅಗದು ತೋರಿಸಿದ್ರ ಕಲ್ಲು ಎತ್ತಿದ್ದು ಖರೆ ಅಂತ ಕುಡ್ಡಗೂ ಕಾಣತೈತಿ. ಅಣ್ಣ ಹೋಗಿ ಪೂಜಾರಿ ಬಸಗೊಂಡಪ್ಪನ ಮುಂದ ಕುಂತ.

"ಬೀರಪ್ಪನ ಬಾಣ ಸರ್ಕಾರದ ಗುರುತು ಅಂತೀಯೇನಲೇ ಧರ್ಯಾ?" ಅಂದ ಬಸಗೊಂಡಪ್ಪ.

"ನಾ ಅನ್ನಂಗಿಲ್ಲ. ಜಾಗ ಅಷ್ಟ ತೋರಿಸ್ತೇನಿ."

"ನಿನ್ನ ಹೆಸರಿನ ಸಲುವಾಗಿ ದೇವರ ಕಟ್ಟಿಗಿ ಕಬ್ಬಿಣದ ಹಾರಿ ಹಾಕ್ತೀಯೇನು? ನೀನೇ ಒಂದೊತ್ತಿದ್ದು ಕಟ್ಟಿದ ಕಟ್ಟಿ."

ಈ ಮಾತಿಗಿ ಅಣ್ಣ ಸೋತು ಬಂದ. ಅಂವ ಭಕ್ತ. ಮಷಿನ್ ಕಡಿಯವರೂ ಅವನ ಮಾತು ಕೇಳಲಿಲ್ಲ, ದೇವರ ಕಡಿಯವರೂ ಕೇಳಲಿಲ್ಲ. ಊರಾಗ ಎಲ್ಲಾರಿಗೂ ಗೊತ್ತು ಕಲ್ಲು ಎತ್ತಿದ್ದು. ಡೊಳ್ಳು ಬಾರಿಸಿದವರು ಇನ್ನೂ ಬದುಕ್ಯಾರ. ಒಬ್ಬರೂ ಬಾಯಿ ಬಿಡಲಿಲ್ಲ, ಬಾಣಕ್ಕ ಅಪಚಾರ ಆಗತೈತಂತ. ಮನುಷ್ಯಾ ಸತ್ರೂ ನಡೀತೈತಿ.

ಇಲಾಖೆಯ ದೊಡ್ಡ ಸಾಹೇಬ್ರು ತಪಾಸಣಿಗಿ ಬರೂ ದಿನ ಗೊತ್ತಾತು. ಅವತ್ತು ಮಧ್ಯಾಹ್ನ, ಅವರ ಜೀಪು ಕೆನಾಲದ ದಂಡಿಗಿ ನಿಂತದ್ದು ನೋಡಿ, ನಾ ಹಾರಿ ಹೆಗಲ ಮ್ಯಾಲ ಇಟಗೊಂಡು ಗುಡಿಗಿ ಹೋದೆ. ಬಾಣಕ್ಕ ಭಂಡಾರ ಹಚ್ಚಿ ಕೈ ಮುಗದೆ. "ನಿನಗ ಸಿಟ್ಟು ಬಂದ್ರ ನನ್ನ ಮ್ಯಾಲ ಬರಲಿ, ಅವಗೇನೂ ಮಾಡಬ್ಯಾಡ" ಅಂದೆ. ಆಮ್ಯಾಲ ಹೊಸ್ತಿಲ ಎಡಕ್ಕ, ಕಲ್ಲಿನ ಕೆಳಗಿನ ಕಟ್ಟಿಗಿ ಹಾರಿ ಹಾಕಿದೆ. ಸಿಮೆಂಟು ನಾನೇ ಕಲಸಿದ್ದು, ಬಾಳ ಗಟ್ಟಿ ಇತ್ತು. ಬಸಗೊಂಡಪ್ಪ ಓಡಿ ಬಂದು ಬೈದ, ಹೆಣ್ಣಮಕ್ಕಳು ಗಲ್ಲ ಗಲ್ಲ ಬಡಕೊಂಡ್ರು. ಯಾರರೆ ಮುಟ್ಟಿದ್ರ ಹಾರಿ ಬೀಸ್ತೇನಿ ಅಂದೆ, ಬೀಸತಿದ್ದೆ ಕೂಡ. ಗದ್ದಲ ಕೇಳಿ ದೊಡ್ಡ ಸಾಹೇಬ್ರು, ಪ್ರೇಮಕುಮಾರ, ಎಲ್ಲಾರೂ ಬಂದ್ರು. ಅಣ್ಣ ಓಡಿ ಬಂದ. ನನ್ನ ಕೈಯಾಗಿನ ಹಾರಿ ಕಸಗೊಳ್ಳಾಕ ಬಂದಾನ ಅಂತ ತಿಳಕೊಂಡೆ. ಅಂವ ಬಗ್ಗಿ ನಾ ಒಡದ ಕಲ್ಲು ಒಂದೊಂದೇ ತಗದು ಬಗಲಿಗಿ ಇಡಾಕತ್ತಿದ.

ಎರಡೂವರಿ ಫೂಟು ಕೆಳಗ ಹಳೇ ಹೊಸ್ತಿಲಾ ಕಾಣಿಸ್ತು. ಅದರ ಎಡಕ್ಕ ಕಲ್ಲು ಕುಂತಿದ್ದ ಗೂಡು, ಕಲ್ಲಿನ ಮುರದ ಮೂಲಿ ಹೆಂಗೈತೋ ಹಂಗ. ಗೂಡಿನ ಸಂದ್ಯಾಗ ಭಂಡಾರದ ಹಳದಿ ಇನ್ನೂ ಹತ್ತಿಕೊಂಡಿತ್ತು. ದೊಡ್ಡ ಸಾಹೇಬ್ರು ಮಷಿನ್ ತರಿಸಿದ್ರು. ಗೂಡಿನ ಮಟ್ಟ, ಈಗಿನ ಕಲ್ಲಿನ ಮಟ್ಟ, ಎರಡೂ ನೋಡಿದ್ರು. "ಪಾಯಿಂಟ್ ಏಳು ಆರು ಎರಡು ಮೀಟರ" ಅಂತ ಓದಿದ ಪ್ರೇಮಕುಮಾರ. ಅಣ್ಣ ಮೀಟರದ ಲೆಕ್ಕ ಕಲಿತಿದ್ನಲ್ಲ, ತಲಿಯೊಳಗೇ ಮಾಡಿ, "ಎರಡೂವರಿ ಫೂಟ್ರಿ" ಅಂದ. ಮಷಿನ್ ಸುಳ್ಳ ಹೇಳಲಿಲ್ಲ ನೋಡ್ರಿ. ಮಷಿನ್ ಎಂದೂ ಸುಳ್ಳ ಹೇಳಿರಲಿಲ್ಲ.

ನಾ ಕಟ್ಟಿ ಮ್ಯಾಲ ಕುಂತೆ. ಗೆದ್ವಿ ಅಂತ ತಿಳಕೊಂಡೆ. ಹುಚ್ಚಿ ನಾನು.

ದೊಡ್ಡ ಸಾಹೇಬ್ರು ಅಲ್ಲೇ ಗುಡಿ ನೆರಳಾಗ ಲ್ಯಾಪ್‌ಟಾಪ್ ತೊಡಿ ಮ್ಯಾಲ ಇಟಗೊಂಡು ವರದಿ ಬರದ್ರು. ಬರಕೊಂತ ಬಾಯಿಲೆ ಓದತಿದ್ರು. ಕೆನಾಲ ಒಡದು ಕಟ್ಟಬೇಕು. ತಪ್ಪಿನ ಕಾರಣ ಅಂತ ಒಂದು ಖಾನೆ, ಅದರಾಗ ಮೊದಲೇ ಬರದಿಟ್ಟ ನಾಲ್ಕೈದು ಕಾರಣ, ಯಾವುದರೆ ಒಂದನ್ನ ಒತ್ತಬೇಕಂತ. ಅವರು ಒತ್ತಿದ್ದು, ಸ್ಥಳೀಯರ ಹಸ್ತಕ್ಷೇಪ. ಅದರ ಮುಂದ ಹೆಸರು ಕೇಳತೈತಿ. "ಸರ್ವೇ ಕಲ್ಲು ಕಿತ್ತು ಸ್ಥಳ ಬದಲಿಸಿದಾತ, ಧರೆಪ್ಪ, ಗೌಂಡಿ, ಬೀರಮಡ್ಡಿ" ಅಂತ ಬರದ್ರು.

ನಾ ಎದ್ದು ನಿಂತೆ. ಅಣ್ಣ ಕೈ ಮಾಡಿ ನನ್ನ ಕುಂದರಿಸಿ, ತಾನು ಮುಂದ ಹೋದ.

"ಬರೀರಿ ಸಾಹೇಬ್ರ. ಎತ್ತಿದ್ದು ನಾನೇ, ಸುಳ್ಳಲ್ಲ," ಅಂದ. "ಆದ್ರ ಎತ್ತೇನಿ ಅಂತ ಮೊದಲನೇ ದಿನಾನೇ ಹೇಳೇನಿ. ಗೂಟಾ ಹೊಡಿಯೂ ಮೊದಲ. ಅದನ್ನೂ ಬರೀರಿ."

ಸಾಹೇಬ್ರು ಪ್ರೇಮಕುಮಾರನ ಕಡೆ ನೋಡಿದ್ರು. ಅಣ್ಣನೂ ನೋಡಿದ. "ಹೇಳಿದ್ನೋ ಇಲ್ಲೋ, ಬೀರಪ್ಪನ ಮುಂದ ನಿಂತೀರಿ, ಹೇಳ್ರಿ."

ಪ್ರೇಮಕುಮಾರ "ಹೇಳಿದ್ರು ಸರ್" ಅಂದ. ಪಟ್ಟಿ ತಿದ್ದಿದ ಮಾತು ಅಂವ ಎತ್ತಲಿಲ್ಲ, ಸಾಹೇಬ್ರೂ ಕೇಳಲಿಲ್ಲ.

"ಮತ್ತ ಬರೀರಿ," ಅಂದ ಅಣ್ಣ.

ಸಾಹೇಬ್ರು ಪರದೆ ಮ್ಯಾಲ ಕೆಳಗ ಮಾಡಿ ನೋಡಿದ್ರು. "ಅದಕ್ಕ ಇದರಾಗ ಖಾನೆ ಇಲ್ಲೋ ಮಾರಾಯಾ," ಅಂದ್ರು.

"ಇಲ್ಲದಿದ್ರ ಒಂದು ಖಾನೆ ಕಟ್ರಿ," ಅಂದ ಅಣ್ಣ. ದನಿ ಏರಿಸಲಿಲ್ಲ. "ನಾ ಹದಿನಾರು ವರ್ಷದವ ಇದ್ದಾಗಿಂದ ಇಲ್ಲದ್ದನ್ನೇ ಕಟ್ಟಕೊಂತ ಬಂದೇನಿ. ನಿಮಗ ಒಂದು ಕಟ್ಟಾಕ ಆಗೂದಿಲ್ಲ?"

ಸಾಹೇಬ್ರು ಬೆರಳಿಲೆ ಒಂದು ಬಟನ್ ಒತ್ತಿದ್ರು. "ಹೋತು," ಅಂದ್ರು. ಎಲ್ಲಿಗಿ ಹೋತು, ಯಾರ ಕಡೆ ಹೋತು, ಅದನ್ನ ಹಿಡದು ತರೂದು ಹೆಂಗ, ಯಾರೂ ಹೇಳಲಿಲ್ಲ. ಸಹಿ ಬ್ಯಾಡಂತ, ಹೆಬ್ಬಟ್ಟೂ ಬ್ಯಾಡಂತ. ಫೋನಿನ್ಯಾಗ ತಿರುಗಾಡಿದ ಮೆಸೇಜು ಕೇಳಿದ್ರ, ಅದನ್ನ ವಾಪಸ್ ಕರಿಯಾಕ ಬರಂಗಿಲ್ಲಂದ್ರು.

ಕೆನಾಲ ಒಡದು, ಬ್ಯಾರೆ ಊರ ಗೌಂಡಿಗೋಳು ಬಂದು ಮತ್ತ ಕಟ್ಟಿದ್ರು. ನೀರು ಬಂತು. ಬಸಗೊಂಡಪ್ಪ ಹೊಸಾ ನೀರಿಗಿ ಪೂಜಿ ಮಾಡಿದ, ನಮ್ಮನ್ನೂ ಕರದ. ಅಣ್ಣ ಹೋಗಲಿಲ್ಲ. ಅವತ್ತಿನಿಂದ ಅಂವ ಒಂದು ಇಟ್ಟಂಗಿ ಮುಟ್ಟಿಲ್ಲ. ವಯಸ್ಸಾತು ಅಂತಾರ ಮಂದಿ. ಏನ್ ವಯಸ್ಸಾತ್ರಿ, ನನಗಿಂತ ಗಟ್ಟಿ ಅದಾನ.

ಮೊನ್ನೆ ರಬಕವಿಯಿಂದ ಯಾರೋ ಫೋನ್ ಮಾಡಿದ್ರು. ಹೊಸಾ ಶೆಡ್ಡು, ನೆಲಾ ಹಾಕಬೇಕು, ಹಿಂದ ಅವರಪ್ಪನ ಮನಿ ನೆಲಾ ಹಾಕಿದ್ದ ಧರೆಪ್ಪ ಗೌಂಡಿ ಬೇಕಂತ ಹುಡುಕಿ ಹುಡುಕಿ ನಂಬರು ತಗೊಂಡಿದ್ರು. ಫೋನ್ ಎತ್ತಿದ್ದು ಅಣ್ಣ. ನಾ ಬಾಜೂಕೇ ಕುಂತು ಅಕ್ಕಿ ಹಸನ ಮಾಡಾಕತ್ತಿದ್ದೆ. ಅಂವ ಪೂರಾ ಕೇಳಿಸಿಕೊಂಡ. ಆಮ್ಯಾಲ, "ಇಲ್ಲರಿ. ಆ ಹೆಸರಿನ ಗೌಂಡಿ ಇಲ್ಲಿ ಯಾರೂ ಇಲ್ಲ," ಅಂದು ಫೋನ್ ಇಟ್ಟ.